ಫಿರ್ಯಾದು ಬೇರೆ, ಫೈಸಲು ಬೇರೆ

ನೋವಿನ ಹಾಡು ಕೇಳುವವನನ್ನು ಕುಗ್ಗಿಸುತ್ತದೆಯೋ, ಎತ್ತಿ ನಿಲ್ಲಿಸುತ್ತದೆಯೋ? ಪ್ರಶ್ನೆ ಹಳೆಯದು. ಒಂದು ಸಿನಿಮಾ ಕ್ಯಾಸೆಟ್ಟಿನ ನೆಪದಲ್ಲಿ ಅದನ್ನು ಮತ್ತೆ ಕೇಳಿಕೊಳ್ಳಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

1995ರಲ್ಲಿ ‘ಬೇವಫಾ ಸನಮ್’ ಎಂಬ ಹಿಂದಿ ಚಿತ್ರ ಬಂತು. ಟಿ-ಸೀರೀಸ್ ಕಂಪನಿಯ ಗುಲ್ಶನ್ ಕುಮಾರ್ ಅದರ ನಿರ್ದೇಶಕರು, ಅವರ ತಮ್ಮ ಕಿಶನ್ ಕುಮಾರ್ ನಾಯಕ, ಶಿಲ್ಪಾ ಶಿರೋಡ್ಕರ್ ನಾಯಕಿ. ನಮ್ಮ ಕಡೆ ಆ ಸಿನಿಮಾ ನೋಡಿದವರು ಎಷ್ಟು ಮಂದಿಯೋ ಗೊತ್ತಿಲ್ಲ, ಅದರ ಹಾಡು ಕೇಳದೆ ಉಳಿದವರು ಮಾತ್ರ ಇರಲಿಲ್ಲ. ಸೋನು ನಿಗಮ್ ಎಂಬ ಹೊಸ ಹುಡುಗನ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಅದರಲ್ಲಿನ ಒಂದು ಹಾಡಿನಿಂದ. ಪ್ರೀತಿಸಿದವಳು ಕೈಕೊಟ್ಟಳೆಂದು ಗಂಡಸೊಬ್ಬ ಎದೆ ಬಿರಿಯುವಂತೆ ದೂರುವ ಹಾಡು ಅದು. ಹನ್ನೊಂದು ವರ್ಷಗಳ ನಂತರ, 2006ರಲ್ಲಿ, ಅದೇ ಕಂಠ ‘ಮುಂಗಾರು ಮಳೆ’ಯಲ್ಲಿ ಕನ್ನಡದ ಹುಡುಗ ಹುಡುಗಿಯರನ್ನು ಪ್ರೀತಿಯಲ್ಲಿ ಕೆಡವಿತು. ನಮ್ಮ ತೋರಣಗಲ್ಲಿನ ಲಾರಿಯವರಿಗೆ ಮಾತ್ರ ಆತ ಕೊನೆಯವರೆಗೂ ‘ಬೇವಫಾ’ ಹಾಡಿನ ಸೋನುವೇ.

ಬಳ್ಳಾರಿ-ಹೊಸಪೇಟೆ ಹೆದ್ದಾರಿಗೆ ಅಂಟಿಕೊಂಡ ಮನೆಗಳಲ್ಲಿ ಬೆಳೆದ ನನ್ನಂಥವರಿಗೆ ಆ ಹಾಡುಗಳನ್ನು ಹುಡುಕಿಕೊಂಡು ಹೋಗುವ ಅಗತ್ಯವಿರಲಿಲ್ಲ, ಅವೇ ಬರುತ್ತಿದ್ದವು. ಡಾಬಾದ ಮುಂದೆ ಲಾರಿ ನಿಂತರೆ ಕ್ಲೀನರ್ ಹುಡುಗ ಚಕ್ರಕ್ಕೆ ಕಲ್ಲು ಕೊಡುವ ಮೊದಲೇ ಟೇಪಿನ ದನಿ ಏರಿಸುತ್ತಿದ್ದ. ಗುಲ್ಶನ್ ಕುಮಾರ್ 1997ರ ಆಗಸ್ಟ್‌ನಲ್ಲಿ ಮುಂಬೈಯಲ್ಲಿ ಗುಂಡಿಗೆ ಬಲಿಯಾದರು, ಕ್ಯಾಸೆಟ್ಟಿನ ಕಾಲ ಮುಗಿಯಿತು, ಸಿ.ಡಿ. ಬಂತು ಹೋಯಿತು, ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಕಾಲವೂ ಮುಗಿಯಿತು. ಹಾಡು ಮಾತ್ರ ಒಂದರಿಂದ ಇನ್ನೊಂದಕ್ಕೆ ದಾಟಿಕೊಂಡು ಇನ್ನೂ ಓಡಾಡುತ್ತಿದೆ. ಹಿರಿಯರ ಆಕ್ಷೇಪವೂ ಹಾಗೆಯೇ ದಾಟಿಕೊಂಡು ಬಂದಿದೆ. ಇಂಥ ಹಾಡಿನಿಂದ ಈಮಾನು ಸಡಿಲಾಗುತ್ತದೆ ಎಂದು ಮಸೀದಿಯ ಕಡೆಯವರು, ಅಭಿರುಚಿ ಕೆಡುತ್ತದೆ ಎಂದು ಶಾಲೆಯ ಕಡೆಯವರು. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ. ಹದಿನಾಲ್ಕು ಗಂಟೆ ಸ್ಟೇರಿಂಗ್ ಹಿಡಿದವನು ಇನ್ನೂ ನಾಲ್ಕು ಗಂಟೆ ಹಿಡಿಯುವ ಶಕ್ತಿಗಾಗಿ ಒಂದು ಸೋಲಿನ ಹಾಡನ್ನೇ ಏಕೆ ಹಾಕುತ್ತಾನೆ? ಗೆದ್ದವರ ಹಾಡುಗಳಿಗೇನು ಬರವಿತ್ತೇ?

ನಾನು ಏಳನೆಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ. ಅಲ್ಲಿ ‘ವಫಾ’ ಎಂಬ ಶಬ್ದಕ್ಕೆ ನಮ್ಮ ಉಸ್ತಾನಿ ನಿಷ್ಠೆ ಎಂದು ಮಾತ್ರ ಹೇಳಿ ಬಿಡುತ್ತಿರಲಿಲ್ಲ, ಕೊಟ್ಟ ಮಾತನ್ನು ಪೂರ್ತಿಯಾಗಿ ಸಲ್ಲಿಸುವುದು ಎಂದು ಬಿಡಿಸಿ ಹೇಳುತ್ತಿದ್ದರು. ಸಾಲ ತೀರಿಸಿದಂತೆ, ಮಾತನ್ನೂ ತೀರಿಸಬೇಕು. ತೀರಿಸದೆ ಹೋದರೆ ಬೇವಫಾಯಿ. ಈ ಶಬ್ದಕ್ಕೆ ಗಂಡು ಹೆಣ್ಣಿನ ಭೇದವಿಲ್ಲ. ‘ಸನಮ್’ ಎಂಬುದಕ್ಕೂ ಇಲ್ಲ, ‘ಯಾರ್’ ಎಂಬುದಕ್ಕೂ ಇಲ್ಲ. ಹಳೆಯ ಗಝಲ್‌ಗಳಲ್ಲಿ ಪ್ರಿಯತಮೆಯನ್ನು ವ್ಯಾಕರಣದ ಪ್ರಕಾರ ಪುಲ್ಲಿಂಗದಲ್ಲೇ ಕರೆಯುವ ರೂಢಿ. ಆ ಪ್ರಿಯ ಒಬ್ಬ ಹೆಣ್ಣಾಗಿರಬಹುದು, ದರಬಾರಿನ ದೊರೆಯಾಗಿರಬಹುದು, ವಿಧಿಯಾಗಿರಬಹುದು, ದೇವರೇ ಆಗಿರಬಹುದು. ಗಝಲ್‌ನಲ್ಲಿ ದೂರು ಇರುತ್ತದೆ, ಆರೋಪಿಯ ವಿಳಾಸ ಇರುವುದಿಲ್ಲ. ಇದನ್ನು ಬರೀ ಕಾವ್ಯದ ಚಮತ್ಕಾರ ಎಂದು ತಳ್ಳಿಹಾಕಬಾರದು. ವಿಳಾಸವಿಲ್ಲದ ದೂರಿನಿಂದ ಯಾರ ಮನೆಯ ಬಾಗಿಲೂ ಮುರಿಯುವುದಿಲ್ಲ, ದೂರಿದವನ ಎದೆ ಮಾತ್ರ ಹಗುರಾಗುತ್ತದೆ.

ನಮ್ಮ ತಾಲೂಕು ಕಚೇರಿಯ ಕನ್ನಡದಲ್ಲಿ ಎರಡು ಶಬ್ದಗಳಿವೆ, ಎರಡೂ ಉರ್ದುವಿನ ದಾರಿಯಲ್ಲಿ ಬಂದು ಇಲ್ಲೇ ನೆಲೆಸಿದವು. ಒಂದು ಫಿರ್ಯಾದು, ಇನ್ನೊಂದು ಫೈಸಲು. ಅನ್ಯಾಯವಾದವನು ಕೊಡುವುದು ಫಿರ್ಯಾದು. ಎರಡೂ ಕಡೆ ಕೇಳಿ ಬೇರೊಬ್ಬರು ಮಾಡುವುದು ಫೈಸಲು. ಇವೆರಡರ ನಡುವೆ ಒಂದು ಮೇಜು ಇರಬೇಕು, ಸ್ವಲ್ಪ ಕಾಲ ಹಿಡಿಯಬೇಕು, ಮೂರನೆಯ ಒಬ್ಬ ಮನುಷ್ಯ ಕುಳಿತಿರಬೇಕು. ಬೇವಫಾ ಹಾಡಿನ ಬಲ ಏನು, ಅಪಾಯ ಏನು ಎಂಬುದು ಈ ಎರಡು ಶಬ್ದಗಳ ನಡುವಿನ ಅಂತರದಲ್ಲಿದೆ ಎಂದು ನನ್ನ ತಿಳುವಳಿಕೆ.

ಮೊದಲು ಬಲದ ಮಾತು. ಮಾತು ತೀರಿಸದೆ ಹೋಗುವುದು ಎಂದರೇನೆಂದು ತೋರಣಗಲ್ಲಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1970ರಲ್ಲಿ ಕೇಂದ್ರ ಸರಕಾರ ಇಲ್ಲಿ ಉಕ್ಕಿನ ಕಾರ್ಖಾನೆ ಕಟ್ಟುತ್ತೇನೆಂದಿತು. 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಬಂದು ಅಡಿಗಲ್ಲು ಇಟ್ಟು ಹೋದರು. ಕಲ್ಲು ಅಲ್ಲೇ ಉಳಿಯಿತು, ಸರಕಾರದ ಕಾರ್ಖಾನೆ ಬರಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾದ ಮೇಲೆ, 1994ರಲ್ಲಿ ಸ್ಥಾಪನೆಯಾದ ಜಿಂದಾಲ್ ವಿಜಯನಗರ ಸ್ಟೀಲ್ ಖಾಸಗಿಯಾಗಿ ಅದನ್ನು ಕಟ್ಟಿತು. ಅಷ್ಟರಲ್ಲಿ ಕೆಲಸಕ್ಕೆ ಕಾದು ಕುಳಿತ ಒಂದು ತಲೆಮಾರಿನ ಹುಡುಗರ ಕೂದಲು ನೆರೆತಿತ್ತು. ನಂತರ ಅದಿರಿನ ಕಾಲ. 2003ರಿಂದ ಚೀನಾದ ಬೇಡಿಕೆ ಏರಿದ್ದೇ ತಡ, ಸಂಡೂರು ಗುಡ್ಡಗಳ ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂತು. ಹೊಲ ಮಾರಿದವರು, ಹೆಂಡತಿಯ ಒಡವೆ ಅಡವಿಟ್ಟವರು, ಫೈನಾನ್ಸಿನವರ ಹತ್ತಿರ ಕೈಚಾಚಿದವರು ಲಾರಿ ಕೊಂಡರು. ಲಾರಿಗಳು ಬೇಲೆಕೇರಿಗೆ, ಮಂಗಳೂರಿಗೆ, ಕೃಷ್ಣಪಟ್ಟಣಕ್ಕೆ ಸಾಲುಗಟ್ಟಿದವು. ಮನೆಯ ಮುಂದೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು, ಎರಡೇ ದಿನಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಕೋರ್ಟು ಮಾಡಿದ್ದು ಸರಿ. ಗುಡ್ಡ ಕೊರೆದು ನುಂಗಿದವರ ಮೇಲೆ ನನಗೆ ಕನಿಕರವಿಲ್ಲ. ಆದರೆ ಕಂತು ಬಾಕಿ ಇದ್ದ ಲಾರಿಗಳು ಗಿಡಗಂಟಿಯ ನಡುವೆ ಟಯರು ಕೂತು ನಿಂತದ್ದನ್ನೂ ಕಂಡಿದ್ದೇನೆ.

ಅಂಥ ಒಂದು ಲಾರಿಯ ಮಾಲೀಕ ನಮ್ಮ ಓಣಿಯವನೇ. ಡ್ರೈವರನೂ ಅವನೇ, ಮಾಲೀಕನೂ ಅವನೇ. ಫೈನಾನ್ಸಿನವರು ಲಾರಿ ಎಳೆದುಕೊಂಡು ಹೋದ ಮೇಲೆ ಬೇರೆಯವರ ಗಾಡಿಗೆ ಸಂಬಳಕ್ಕೆ ಹೋದ. ಅವನಿಗೆ ಪ್ರೇಮವೂ ಆಗಿರಲಿಲ್ಲ, ಪ್ರೇಮಭಂಗವೂ ಆಗಿರಲಿಲ್ಲ. ಮನೆಯಲ್ಲಿ ಒಳ್ಳೆಯ ಹೆಂಡತಿ, ಎರಡು ಮಕ್ಕಳು. ಹಾಡು ಮಾತ್ರ ಅದೇ. ಒಮ್ಮೆ ಅವನ ಹೆಂಡತಿಯೇ ನಗುತ್ತಾ, “ಯಾವಳ ನೆನಪಿಗೆ ಹಾಕ್ಕೊಂತಾನೋ ಕೇಳ್ರಿ ಆಪಾ” ಎಂದಳು. ಅವನು ತಲೆ ತಗ್ಗಿಸಿ ಹೇಳಿದ: “ಯಾವಳೂ ಇಲ್ಲ ಆಪಾ. ಲಾರಿ ಹೋದಾಗ ಏನಾತಂತ ಹೇಳಾಕ ನಂಗ ಬ್ಯಾರೆ ಮಾತು ಬರಲಿಲ್ಲ. ಅದರಾಗ ಐತಿ ನೋಡ್ರಿ, ಹಂಗಾತು ಅನ್ನಾಕ ಬರತೈತಿ.”

ಕಥೆ ಬರೆಯುವವಳಾಗಿ ನಾನು ಈ ಮಾತಿನ ಮುಂದೆ ಬಹಳ ಹೊತ್ತು ನಿಂತಿದ್ದೇನೆ. ಕಂತು ಬಾಕಿಯಾದದ್ದಕ್ಕೆ ನಮ್ಮಲ್ಲಿ ಹಾಡಿಲ್ಲ. ಬಾಡಿಗೆ ಕೊಡದೆ ಪರಾರಿಯಾದ ದಲ್ಲಾಳಿಯ ಮೇಲೆ ಯಾವ ಸಿನಿಮಾದವರೂ ಹಾಡು ಬರೆಸಿಲ್ಲ. ಆದ್ದರಿಂದ ಮನುಷ್ಯ ಸಿಕ್ಕ ಹಾಡಿನಲ್ಲಿ ತನ್ನ ಅಹವಾಲನ್ನು ತುಂಬುತ್ತಾನೆ. ಹಾಡು ಅವನಿಗೆ ಮೂರು ಸಂಗತಿ ಹೇಳುತ್ತದೆ. ನಿನಗೆ ಅನ್ಯಾಯವಾದದ್ದು ನಿಜ. ನೀನು ಮಾತು ತೀರಿಸಿದ್ದೂ ನಿಜ. ಹೀಗಾದವನು ನೀನೊಬ್ಬನೇ ಅಲ್ಲ, ಇಲ್ಲದಿದ್ದರೆ ಈ ಕ್ಯಾಸೆಟ್ಟು ಇಷ್ಟು ಖರ್ಚಾಗುತ್ತಿರಲಿಲ್ಲ! ಕಳೆದುಹೋದ ಲಾರಿಯನ್ನು ಹಾಡು ವಾಪಸು ತರುವುದಿಲ್ಲ. ಆದರೆ ‘ನಾನು ಮೂರ್ಖ’ ಎಂದು ಗೋಡೆ ನೋಡುತ್ತಾ ಕೂತವನನ್ನು ‘ನನಗೆ ಮೋಸವಾಯಿತು’ ಎಂದು ಎದ್ದು ಹೇಳುವವನನ್ನಾಗಿ ಮಾಡುತ್ತದೆ. ಇದು ಸಣ್ಣ ಬದಲಾವಣೆ ಅಲ್ಲ.

ದೂರದ ಅಮೆರಿಕದಲ್ಲೂ ಹೀಗೆಯೇ ನಡೆದಿದೆ. ಗ್ಲೋರಿಯಾ ಗೇನರ್ ಎಂಬ ಕಪ್ಪು ಗಾಯಕಿಯ ‘ಐ ವಿಲ್ ಸರ್ವೈವ್’ 1978ರಲ್ಲಿ ಹೊರಬಂತು. ಬಿಟ್ಟುಹೋಗಿ ಮತ್ತೆ ಬಾಗಿಲಿಗೆ ಬಂದ ಪ್ರಿಯಕರನಿಗೆ ಹೆಣ್ಣೊಬ್ಬಳು ಕೊಡುವ ಉತ್ತರ ಆ ಹಾಡು. ಜಗತ್ತಿನ ಎಷ್ಟೋ ಪರಿತ್ಯಕ್ತೆಯರು ಅದನ್ನು ತಮ್ಮದೆಂದುಕೊಂಡರು. ಬರೆದವರಲ್ಲಿ ಒಬ್ಬನಾದ ಡಿನೋ ಫೆಕಾರಿಸ್‌ಗೆ ಅದನ್ನು ಬರೆಯುವಾಗ ಮನಸ್ಸಿನಲ್ಲಿದ್ದದ್ದು ಪ್ರೇಯಸಿ ಅಲ್ಲ, ವರ್ಷಗಟ್ಟಲೆ ದುಡಿಸಿಕೊಂಡು ಕೆಲಸದಿಂದ ತೆಗೆದುಹಾಕಿದ ಮೋಟೌನ್ ಎಂಬ ಹಾಡಿನ ಕಂಪನಿ. ಗೇನರ್ ಹಾಡುವಾಗ ಯೋಚಿಸಿದ್ದು ಇವೆರಡನ್ನೂ ಅಲ್ಲ. ವೇದಿಕೆಯಲ್ಲಿ ಬಿದ್ದು ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾಗಿ, ಬೆನ್ನಿಗೆ ಪಟ್ಟಿ ಬಿಗಿದುಕೊಂಡೇ ಆಕೆ ಅದನ್ನು ಧ್ವನಿಮುದ್ರಿಸಿದರು. ಕಂಪನಿ ಮೊದಲು ಅದನ್ನು ರೆಕಾರ್ಡಿನ ಹಿಂಬದಿಗೆ ಹಾಕಿತ್ತು. ನೌಕರಿ ಹೋದವನ ಮಾತು, ಬೆನ್ನು ಮುರಿದವಳ ದನಿ, ಗಂಡ ಬಿಟ್ಟವಳ ಕಿವಿ. ನಮ್ಮ ಲಾರಿಯವನು ಈ ಸಾಲಿನಲ್ಲಿ ಸಲೀಸಾಗಿ ಸೇರಿಕೊಳ್ಳುತ್ತಾನೆ.

ಇನ್ನು ಅಪಾಯದ ಮಾತು. ತೊಂಬತ್ತರ ದಶಕದಲ್ಲಿ ನಮ್ಮ ಹೆದ್ದಾರಿಯಲ್ಲಿ ಹಾಡಿನ ಜೊತೆಗೇ ಒಂದು ಕಥೆಯೂ ಓಡಾಡುತ್ತಿತ್ತು. ನಮ್ಮಲ್ಲಿ ಮಾತ್ರವಲ್ಲ, ಇಂಡಿಯಾದ ತುಂಬ. ಈ ಹಾಡುಗಳ ಮೂಲ ಪಾಕಿಸ್ತಾನದ ಗಾಯಕ ಅತಾವುಲ್ಲಾ ಖಾನ್ ಈಸಾಖೇಲ್ವಿ. ‘ಬೇವಫಾ ಸನಮ್’ಗಿಂತ ಮೊದಲೇ ಅವರ ಕ್ಯಾಸೆಟ್ಟುಗಳು ಇಲ್ಲಿ ಬಂದಿದ್ದವು. ಆ ಮನುಷ್ಯ ಮೋಸ ಮಾಡಿದ ಪ್ರೇಯಸಿಯನ್ನು ಕೊಂದು ಜೈಲು ಸೇರಿದ್ದಾನೆ, ಗಲ್ಲುಶಿಕ್ಷೆಯಾಗಿದೆ, ಸಾಯುವ ಮುನ್ನ ಜೈಲಿನಲ್ಲಿ ಕುಳಿತು ಹಾಡಿದ ಹಾಡುಗಳಿವು ಎಂಬುದೇ ಆ ಕಥೆ. ಎಲ್ಲ ಸುಳ್ಳು. ಅತಾವುಲ್ಲಾ ಖಾನ್ ಮಿಯಾಂವಾಲಿ ಜಿಲ್ಲೆಯ ಈಸಾಖೇಲ್‌ನವರು, ಸರಾಯಿಕಿ ಜಾನಪದದ ದೊಡ್ಡ ಗಾಯಕ. ಯಾರನ್ನೂ ಕೊಂದವರಲ್ಲ. ಅವರ ಸರಕಾರ 1991ರಲ್ಲಿ ಪ್ರಶಸ್ತಿ ಕೊಟ್ಟು ಗೌರವಿಸಿತು, ಕೋಕ್ ಸ್ಟುಡಿಯೋದಲ್ಲಿ ಹಾಡಿದರು, ರಾಜಕೀಯ ಪಕ್ಷಕ್ಕೂ ಹಾಡಿದರು. ಆದರೆ ‘ಬೇವಫಾ ಸನಮ್’ ಚಿತ್ರದ ಕಥೆ ಮಾತ್ರ ವದಂತಿಯನ್ನೇ ಹೋಲುತ್ತದೆ. ನಾಯಕ ಪ್ರೇಯಸಿಯನ್ನು ಗುಂಡಿಟ್ಟು ಕೊಂದು ಜೈಲಿಗೆ ಹೋಗುತ್ತಾನೆ, ಅಲ್ಲಿಂದ ಹಾಡುತ್ತಾನೆ.

ನನ್ನನ್ನು ಕಾಡುವುದು ವದಂತಿ ಸುಳ್ಳು ಎಂಬುದಲ್ಲ. ಅದನ್ನು ನಾವೆಲ್ಲ ಎಷ್ಟು ಇಷ್ಟಪಟ್ಟೆವು ಎಂಬುದು. ಡಾಬಾದಲ್ಲಿ, ಸೈಕಲ್ ಅಂಗಡಿಯಲ್ಲಿ, ಮದುವೆ ಮನೆಯ ದೇಗಿನ ಪಕ್ಕದಲ್ಲಿ ಈ ಕಥೆ ಹೇಳಿದವರೆಲ್ಲ ಕಣ್ಣೊದ್ದೆ ಮಾಡಿಕೊಂಡೇ ಹೇಳುತ್ತಿದ್ದರು. ಕಣ್ಣೀರು ಗಾಯಕನಿಗೆ. ಅವನ ಗಲ್ಲಿಗೆ, ಅವನ ಒಂಟಿತನಕ್ಕೆ. ಆ ಕಥೆಯಲ್ಲಿ ಒಂದು ಹೆಣವೂ ಇದೆಯಲ್ಲ? ಸತ್ತವಳು ಯಾರು, ಅವಳ ಹೆಸರೇನು, ಅವಳು ನಿಜವಾಗಿ ಏನು ಮಾಡಿದ್ದಳು, ಅವಳಿಗೆ ತಾಯಿ ಇದ್ದಳೇ? ಕಟ್ಟುಕಥೆಯಲ್ಲೂ ಆಕೆಗೆ ಒಂದು ಹೆಸರು ಇಡುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಫಿರ್ಯಾದಿಯೇ ಫೈಸಲು ಬರೆದ, ಅವನೇ ಜಾರಿಯನ್ನೂ ಮಾಡಿದ, ಆಮೇಲೆ ಅವನೇ ಅಳಲು ಕುಳಿತ. ನಾವು ಅವನ ಜೊತೆ ಅತ್ತೆವು. ಹಾಡಿಗೆ ಬೆಲೆ ಬಂದದ್ದೇ ಕೊಲೆಯಿಂದ ಎಂಬ ಹಾಗೆ.

ಇದು ಹಳೆಯ ವದಂತಿಯ ವಿಚಾರ ಎಂದು ಬಿಟ್ಟುಬಿಡುವಂತಿದ್ದರೆ ಚೆನ್ನಾಗಿತ್ತು. 2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಒಂದು ತಿಂಗಳೂ ತುಂಬುವ ಮೊದಲು, ಹುಬ್ಬಳ್ಳಿಯಲ್ಲಿ ಇಬ್ಬರು ಹೆಣ್ಣುಮಕ್ಕಳ ಕೊಲೆಯಾಯಿತು. ಒಬ್ಬಾಕೆ ಕಾಲೇಜಿನ ಆವರಣದಲ್ಲಿ, ಇನ್ನೊಬ್ಬಾಕೆ ತನ್ನ ಮನೆಯಲ್ಲೇ. ಪ್ರೀತಿಗೆ ಒಪ್ಪಲಿಲ್ಲ ಎಂಬುದು ಎರಡು ಕಡೆಯೂ ಕೇಳಿಬಂದ ಕಾರಣ. ಒಬ್ಬ ಆರೋಪಿ ಮುಸ್ಲಿಂ, ಇನ್ನೊಬ್ಬ ಹಿಂದೂ. ಟಿ.ವಿ.ಯವರು ಮೊದಲ ಆರೋಪಿಯ ಹೆಸರನ್ನು ಎಷ್ಟು ಸಲ ಹೇಳಿದರು, ಎರಡನೆಯವನದನ್ನು ಎಷ್ಟು ಸಲ ಹೇಳಿದರು ಎಂದು ನಮ್ಮವರು ಲೆಕ್ಕ ಹಾಕಿದರು. ಆ ಲೆಕ್ಕ ತಪ್ಪಲ್ಲ, ಅದರ ನೋವು ನನಗೂ ಇದೆ. ಆದರೆ ಅಷ್ಟಕ್ಕೇ ನಿಂತರೆ ಇನ್ನೊಂದು ಲೆಕ್ಕ ತಪ್ಪಿಹೋಗುತ್ತದೆ. ‘ಇಲ್ಲ’ ಎಂದವಳನ್ನು ‘ಬೇವಫಾ’ ಎಂದು ಕರೆಯುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು? ಮಾತೇ ಕೊಡದವಳು ಮಾತಿಗೆ ತಪ್ಪುವುದು ಹೇಗೆ? ವಫಾ ಎಂದರೆ ತೀರಿಸುವುದು ಎಂದಾದರೆ, ಪಡೆಯದ ಸಾಲಕ್ಕೆ ವಸೂಲಿಗೆ ಬಂದವನನ್ನು ಏನೆಂದು ಕರೆಯಬೇಕು?

ಹಾಗಾದರೆ ಹಾಡನ್ನೇ ನಿಲ್ಲಿಸಬೇಕೇ? ಇಮಾಮ್ ಗಝಾಲಿಯವರು (ನಿಧನ 1111) ತಮ್ಮ ‘ಇಹ್ಯಾ’ ಗ್ರಂಥದಲ್ಲಿ ಸಮಾದ ಬಗ್ಗೆ, ಅಂದರೆ ಹಾಡು ಕೇಳುವುದರ ಬಗ್ಗೆ ಒಂದು ಇಡೀ ಭಾಗವನ್ನು ಬರೆದಿದ್ದಾರೆ. ಅದನ್ನು ಒಪ್ಪುವ, ಒಪ್ಪದ ಉಲಮಾಗಳಿದ್ದಾರೆ, ಆ ವಾದಕ್ಕೆ ಇಲ್ಲಿ ಕೈಹಾಕುವುದಿಲ್ಲ. ಅವರ ಒಂದು ಗ್ರಹಿಕೆ ಮಾತ್ರ ನಮಗೆ ಬೇಕು. ಹಾಡು ಹೃದಯದೊಳಗೆ ಇಲ್ಲದ್ದನ್ನು ತಂದು ಹಾಕುವುದಿಲ್ಲ, ಇದ್ದದ್ದನ್ನು ಕಲಕಿ ಮೇಲೆ ತರುತ್ತದೆ ಎಂಬುದು ಅದರ ಸಾರ. ಲಾರಿಯವನ ಒಳಗೆ ಇದ್ದದ್ದು ದುಡಿಮೆ ಮತ್ತು ನಷ್ಟ, ಹಾಡು ಅದನ್ನು ಮೇಲೆ ತಂದಿತು. ಇನ್ನೊಬ್ಬನ ಒಳಗೆ ಹೆಣ್ಣು ತನ್ನ ಸೊತ್ತು ಎಂಬ ಹಮ್ಮು ಇದ್ದರೆ ಅದೇ ಹಾಡು ಅದನ್ನು ಮೇಲೆ ತರುತ್ತದೆ. ಕ್ಯಾಸೆಟ್ಟನ್ನು ಸುಡುವುದರಿಂದ ಹಮ್ಮು ಸುಡುವುದಿಲ್ಲ. ಆದರೂ ಗಝಲ್ ಆರೋಪಿಯ ವಿಳಾಸ ಬರೆಯದೆ ಬಿಟ್ಟಿತ್ತಲ್ಲ, ಸಿನಿಮಾ ಅಲ್ಲಿ ಒಂದು ಹೆಣ್ಣಿನ ಮುಖವನ್ನು ಅಂಟಿಸಿತು. ಆ ಜವಾಬ್ದಾರಿಯಿಂದ ಸಿನಿಮಾದವರನ್ನು ಬಿಡುವಂತಿಲ್ಲ.

ಮೋಸದ ಕಥೆಗಳು ಈ ಸೀಮೆಗೆ ಹಿಂದಿ ಸಿನಿಮಾದಿಂದ ಬಂದವೇನಲ್ಲ. ಕಂಪ್ಲಿ ಸೀಮೆಯ ಕುಮಾರರಾಮನ ಕಥೆಯನ್ನೇ ನೋಡಿ. ಮಲತಾಯಿ ರತ್ನಾಜಿ ಮೋಹಿಸಿದಳು, ಅವನು ಒಲ್ಲೆ ಎಂದ, ಅವಳು ಸುಳ್ಳು ಆಪಾದನೆ ಹೊರಿಸಿದಳು, ತಂದೆ ಕಂಪಿಲರಾಯ ಎರಡನೆಯ ಮಾತು ಕೇಳದೆ ಮಗನ ತಲೆ ತೆಗೆಯಲು ಹೇಳಿದ. ಮಂತ್ರಿ ಬೈಚಪ್ಪ ಹುಡುಗನನ್ನು ಬಚ್ಚಿಟ್ಟು ಉಳಿಸಿದ. ಪ್ರವಾದಿ ಯೂಸುಫರ (ಅ) ಕಥೆ ಬಲ್ಲವರಿಗೆ ಇದು ನೆಂಟರ ಮನೆಯ ಕಥೆಯಂತೆ ಕೇಳಿಸುತ್ತದೆ. ತೋರಣಗಲ್ಲಿಗೆ ಹತ್ತಿರದ ದರೋಜಿಯ ಈರಮ್ಮ, ಓದು ಬರಹ ಬಾರದ ಬುಡ್ಗ ಜಂಗಮರ ಹೆಣ್ಣುಮಗಳು, ಇದನ್ನು ಬುರ್ರಕಥೆಯಾಗಿ ರಾತ್ರಿಗಟ್ಟಲೆ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು, 2014ರಲ್ಲಿ ತೀರಿಕೊಂಡರು. ಈ ಕಥೆಯಲ್ಲೂ ಮೋಸಗಾತಿ ಹೆಣ್ಣೇ. ಆದರೆ ನನ್ನ ಗಮನ ಸೆಳೆಯುವುದು ಕಂಪಿಲರಾಯ. ಒಂದೇ ಕಡೆಯ ಫಿರ್ಯಾದು ಕೇಳಿ ಅಲ್ಲೇ ಫೈಸಲು ಕೊಟ್ಟವನು ಅವನು. ರತ್ನಾಜಿಯನ್ನು ಬೈಯುವ ಉತ್ಸಾಹದಲ್ಲಿ ಅವನನ್ನು ನಾವು ಮರೆಯುತ್ತೇವೆ.

ಯೂಸುಫರ ತಂದೆ ಯಾಕೂಬರನ್ನು (ಅ) ಅವನ ಎದುರಿಗೆ ಇಟ್ಟು ನೋಡಬೇಕು. ಮಕ್ಕಳೇ ಮಗನನ್ನು ಬಾವಿಗೆ ತಳ್ಳಿ ರಕ್ತ ಹಚ್ಚಿದ ಅಂಗಿ ತಂದು ತೋರಿಸಿದರು. ಅದು ಸುಳ್ಳೆಂದು ಅವರಿಗೆ ಗೊತ್ತಾಯಿತು. ಅತ್ತರು, ಕಣ್ಣು ಬಿಳುಪಾಗುವಷ್ಟು ಅತ್ತರು. ಸಬ್ರ್ ಎಂದರೆ ಅಳದಿರುವುದು ಎಂದು ತಿಳಿದವರು ಈ ಭಾಗವನ್ನು ಮತ್ತೊಮ್ಮೆ ಓದಬೇಕು. ಆ ಅಳುವಿನ ದೂರನ್ನು ಅವರು ಒಯ್ದದ್ದು ಅಲ್ಲಾಹನ ಬಳಿಗೆ. ತಮ್ಮ ಕೈಯಲ್ಲೇ ತೀರ್ಪು ಹಿಡಿದು ಮಕ್ಕಳ ಮೇಲೆ ಎರಗಲಿಲ್ಲ.

ಇನ್ನು ಮೊಹರಂ. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಅಲಾಯಿ ಕುಣಿಯ ಸುತ್ತ ರಿವಾಯತ ಪದ ಹಾಡುವವರಲ್ಲಿ ಹೆಚ್ಚಿನವರು ಹಿಂದೂಗಳೇ. ಒಂದೂ ಮುಸ್ಲಿಂ ಮನೆ ಇಲ್ಲದ ಊರುಗಳಲ್ಲೂ ಪೀರಲ ದೇವರು ಕೂಡುತ್ತವೆ. ಈ ಆಚರಣೆಯ ಬಗ್ಗೆ ನಮ್ಮವರಲ್ಲೇ ತಕರಾರಿದೆ, ಇರಲಿ. ಆ ಪದಗಳಲ್ಲಿ ಇರುವುದೇನು? ಬೇವಫಾಯಿಯೇ. ಕೂಫಾದ ಜನ ಪತ್ರದ ಮೇಲೆ ಪತ್ರ ಬರೆದು ಇಮಾಮ್ ಹುಸೇನರನ್ನು ಕರೆದರು, ಬೆಂಬಲಿಸುತ್ತೇವೆಂದು ಮಾತು ಕೊಟ್ಟರು, ಅಧಿಕಾರದ ಬೆದರಿಕೆಗೆ ಹೆದರಿ ಬಾಗಿಲು ಹಾಕಿಕೊಂಡರು. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳಿನಲ್ಲಿ ಹುಸೇನರು ಬಿದ್ದರು. ಇಲ್ಲಿ ಮಾತಿಗೆ ತಪ್ಪಿದವರು ಗಂಡಸರು. ಉಳಿದು, ನಡೆದದ್ದನ್ನು ಜಗತ್ತಿಗೆ ಹೇಳಿದವಳು ಹೆಣ್ಣು, ಹುಸೇನರ ತಂಗಿ ಝೈನಬ್. ಸೆರೆಯಾಗಿ ಕೂಫಾದ ಬೀದಿಯಲ್ಲಿ ಹೋಗುವಾಗ, ನೋಡಿ ಅಳುತ್ತಿದ್ದ ಅದೇ ಜನಕ್ಕೆ ನೀವೇಕೆ ಅಳುತ್ತೀರಿ ಎಂದು ಕೇಳಿದರು, ದಮಾಸ್ಕಸ್‌ನ ದರಬಾರಿನಲ್ಲಿ ಯಝೀದನ ಮುಂದೆ ತಲೆಯೆತ್ತಿ ಮಾತಾಡಿದರು ಎಂದು ಪರಂಪರೆ ಹೇಳುತ್ತದೆ. ಕೈಯಲ್ಲಿ ಕತ್ತಿ ಇರಲಿಲ್ಲ, ಹೇಳುವುದಕ್ಕೆ ನಡೆದ ಸಂಗತಿ ಇತ್ತು. ಸಂಡೂರಿನ ಗುಡ್ಡದ ಕೆಳಗೆ ಕುರಿ ಕಾಯುವವನೊಬ್ಬ ಇವತ್ತಿಗೂ ಕಂಕಣ ಕಟ್ಟಿಕೊಂಡು ಕನ್ನಡದಲ್ಲಿ ಆ ದೂರನ್ನು ಹಾಡುತ್ತಾನೆ.

ಗಂಡಸು ಹೆದ್ದಾರಿಯಲ್ಲಿ ಗಟ್ಟಿಯಾಗಿ ಹಾಕುವ ಹಾಡನ್ನು ಹೆಂಗಸು ಹೇಗೆ ಕೇಳುತ್ತಾಳೆ ಎಂಬುದನ್ನೂ ಹೇಳಬೇಕು. ನನಗೆ ದೂರದ ಸಂಬಂಧದ ಒಬ್ಬ ಖಾಲಾ ಇದ್ದಾರೆ. ಬಳ್ಳಾರಿಯ ಜೀನ್ಸ್ ಘಟಕಗಳಿಂದ ಬರುವ ಪ್ಯಾಂಟುಗಳನ್ನು ಮನೆಯಲ್ಲೇ ಹೊಲಿಯುತ್ತಾರೆ. ಗಂಡ ಇನ್ನೊಂದು ಮನೆ ಮಾಡಿಕೊಂಡು, ಇವರಿಗೆ ತಲಾಕ್ ಕೊಟ್ಟು ಹೋದ. ಖಾಲಾ ಮಶೀನು ತುಳಿಯುತ್ತಾ ಗುನುಗುವುದು ಅದೇ 1995ರ ಹಾಡು. ಗುನುಗುವುದಷ್ಟೇ, ಬಾಯಿಬಿಟ್ಟು ಹಾಡುವಂತಿಲ್ಲ. ಗಂಡಸು ಬೇವಫಾ ಹಾಡಿದರೆ ಪಾಪ ಎನ್ನುತ್ತಾರೆ, ಹೆಂಗಸು ಹಾಡಿದರೆ ‘ಯಾರ ಮೇಲೆ?’ ಎಂದು ಕೇಳುತ್ತಾರೆ. ಗಂಡಸಿನ ಹಾಡು ನಿಮಗೆ ಹೇಗೆ ಒಗ್ಗಿತು ಖಾಲಾ ಎಂದು ಒಮ್ಮೆ ವಿಚಾರಿಸಿದೆ. ಅವರು ದಖ್ಖನಿಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: “ಅತ್ತರೆ ಹೆಂಗಸರ ನಾಟಕ ಅಂತ ನನ್ನ ಗಂಡ ಅನ್ನುತ್ತಿದ್ದ. ಆ ಹಾಡಿನಲ್ಲಿ ಗಂಡಸು ಅಳುತ್ತಾನೆ ಬೇಟಾ. ಊರೆಲ್ಲ ದುಡ್ಡು ಕೊಟ್ಟು ಕೇಳಿತು. ಅವನ ಅಳುವಿಗೆ ಅಷ್ಟು ಬೆಲೆ ಇದ್ದರೆ ನನ್ನದು ನಾಟಕ ಹೇಗಾಗುತ್ತದೆ?”

ಈ ಮಾತನ್ನು ನಾನು ಯಾವ ವಿಮರ್ಶೆಯಲ್ಲೂ ಓದಿರಲಿಲ್ಲ. ಹೆಣ್ಣಿನ ಮೇಲಿನ ದೂರಾಗಿ ಹುಟ್ಟಿದ ಹಾಡಿನಿಂದ ಖಾಲಾ ದೂರುವ ಹಕ್ಕನ್ನು ಮಾತ್ರ ಆರಿಸಿಕೊಂಡಿದ್ದರು. ಅಕ್ಕಿ ಆರಿಸಿದಂತೆ, ಕಲ್ಲು ಬಿಟ್ಟು.

1985ರ ಶಾಬಾನು ತೀರ್ಪಿನ ಗಲಾಟೆಯಿಂದ ಜೀವನಾಂಶದ ಮಾತೆತ್ತಿದರೇ ನಮ್ಮಲ್ಲಿ ಮುಖ ಗಂಟಾಗುತ್ತದೆ. ತಲಾಕಾದ ಮುಸ್ಲಿಂ ಹೆಣ್ಣುಮಗಳೂ ಎಲ್ಲರಂತೆ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಕೇಳಬಹುದು ಎಂದು ಸುಪ್ರೀಂ ಕೋರ್ಟು 2024ರ ಜುಲೈ 10ರಂದು ಮತ್ತೊಮ್ಮೆ ಸ್ಪಷ್ಟಪಡಿಸಿತು. ಆ ಸುದ್ದಿಯನ್ನು ಖಾಲಾಗೆ ಓದಿ ಹೇಳಿದ್ದು ಅವರ ಮಗಳು. ಜಮಾತಿನ ಹಿರಿಯರೊಬ್ಬರು, ಮನೆಯ ಮಾತು ಕೋರ್ಟಿಗೆ ಏಕಮ್ಮಾ ಎಂದರು. “ಮನೆ ಇದ್ದಿದ್ದರೆ ಮನೆಯಲ್ಲೇ ಹೇಳುತ್ತಿದ್ದೆ ಭಾಯಿಸಾಬ್” ಎಂದು ಖಾಲಾ ಅರ್ಜಿ ಹಾಕಿದರು. ಗಂಡನಿಗೆ ಶಾಪ ಹಾಕಿದ್ದನ್ನು ನಾನು ಕೇಳಿಲ್ಲ. ಅವನ ಹೊಸ ಹೆಂಡತಿಯ ಮೇಲೂ ಮಾತಿಲ್ಲ, ಅವಳೂ ಹೊಲಿಗೆಯವಳೇ. ಮೊದಲ ಎರಡು ತಿಂಗಳು ಹಣ ಬಂತು. ಮೂರನೆಯ ತಿಂಗಳು ಬರಲಿಲ್ಲ. ಖಾಲಾ ಆ ವಾರದ ಪ್ಯಾಂಟುಗಳನ್ನು ಎಣಿಸಿ ಕೊಟ್ಟು, ಬುರ್ಖಾ ತೊಟ್ಟು, ಬಳ್ಳಾರಿ ಬಸ್ಸು ಹತ್ತಿದರು.